ಬಿನ್ ಕಾರ್ಡು

ರಾಂಜಣಗಾಂವ್ ಎಂಐಡಿಸಿಯ ಸ್ಟೋರಿನಲ್ಲಿ
ಹದಿನಾಲ್ಕು ವರ್ಷದಿಂದ ನನ್ನ ಕೆಲಸ ಇಷ್ಟೇ:
ಬಂದದ್ದು, ಹೋದದ್ದು, ಉಳಿದದ್ದು.
ಮೂರು ಕಾಲಂ, ಒಂದು ಸಹಿ.

ಆ ಕೆಪಾಸಿಟರು ಎಳ್ಳಿಗಿಂತ ಚಿಕ್ಕದು.
ಸೀನಿದರೆ ಹಾರಿಹೋಗುತ್ತದೆ.
ಒಂದಕ್ಕೆ ಹನ್ನೊಂದು ಪೈಸೆ.
ಒಂದು ಲ್ಯಾಪ್‌ಟಾಪಿಗೆ ಆರು ಬೇಕು;
ಐದೇ ಹಾಕಿದರೆ ಅದು ಲ್ಯಾಪ್‌ಟಾಪಲ್ಲ,
ಊಟ ಬಡಿಸಬಹುದಾದ ತಟ್ಟೆ.

ಸಂಕ್ರಾಂತಿಯ ಹಿಂದಿನ ವಾರ, ಸೋಮವಾರ,
ಬಿನ್ನಿನಲ್ಲಿ ಮೂರೇ ರೀಲು.
ಅಂದರೆ ಐದು ಸಾವಿರ ಲ್ಯಾಪ್‌ಟಾಪು.
ಅಂದರೆ ನಾಲ್ಕು ದಿನ.

ಹಡಗು ಕೊಲಂಬೊದಲ್ಲಿ ನಿಂತಿದೆ ಅಂದರು.
ಆಮೇಲೆ ನ್ಹಾವಾ ಶೇವಾದ ಹೊರಗೆ,
ಲಂಗರು ಹಾಕಿ, ಸರತಿಯಲ್ಲಿ ಹತ್ತೊಂಬತ್ತನೆಯದು.
ಲಾರಿಯ ವಾಘಮಾರೆ ಫೋನು ಮಾಡಿದ:
ಪನವೇಲಿನಲ್ಲಿ ಮೂರು ದಿನದಿಂದ ವಡಾಪಾವೇ ಊಟ ಸಾಹೇಬ,
ಡಬ್ಬ ಇನ್ನೂ ಇಳಿದಿಲ್ಲ.

ಅವತ್ತೇ ಸಂಜೆ ಹಡಪಸರದಿಂದ ಶ್ರೀಶೈಲ ಭಾವ.
ನಮ್ಮ ಕಂಪನಿಯ ನಾನೂರು ಷೇರು ಅವನ ಹತ್ತಿರ,
ಕೊಂಡದ್ದು ಪೇಪರು ಓದಿ ಅಲ್ಲ,
ನನ್ನ ಅಂಗಿಯ ಜೇಬಿನ ಮೇಲಿನ ಲೋಗೋ ನೋಡಿ.
"ಕಂಪನಿ ಹೆಂಗದೋ?" ಅಂದ.

ಕೈಯಲ್ಲಿ ಬಿನ್ ಕಾರ್ಡಿತ್ತು.
ದಲಾಲ್ ಸ್ಟ್ರೀಟಿಗೆ ಗೊತ್ತಿರದ ಒಂದು ಅಂಕಿ
ನನ್ನದೇ ಕೈಬರಹದಲ್ಲಿ.
ಒಳಗಿನ ಮಾತು ಹೊರಗೆ ಆಡುವುದಿಲ್ಲ ಎಂದು
ಹೋದ ವರ್ಷ ಸಹಿ ಮಾಡಿದ್ದೆ, ಇಂಗ್ಲಿಷಿನಲ್ಲಿತ್ತು.
"ಹೇಳೂಹಂಗಿಲ್ಲ" ಅಂದಿದ್ದರೆ
ಅದೇ ಹೇಳಿದ ಹಾಗೆ.
"ಛಲೋ ಅದ" ಅಂದೆ.

ಇದನ್ನು ಪ್ರಾಮಾಣಿಕತೆ ಅನ್ನಬೇಡಿ.
ಏನು ಅನ್ನಬೇಕೋ ನನಗೂ ತಿಳಿದಿಲ್ಲ.

ಶುಕ್ರವಾರ ಲೈನು ನಿಂತಿತು.
ಹುಡುಗಿಯರು ಒರೆಸಿದ ಟೇಬಲ್ಲನ್ನೇ ಮತ್ತೆ ಒರೆಸಿದರು.
ಫ್ಯಾನಿನ ಸದ್ದು ಇಷ್ಟು ದೊಡ್ಡದೆಂದು
ಯಾರಿಗೂ ಗೊತ್ತಿರಲಿಲ್ಲ.

ಸೋಮವಾರ ಕಂಪನಿ ಷೇರುಪೇಟೆಗೆ ಬರೆಯಿತು:
ಪೂರೈಕೆಯಲ್ಲಿ ತಾತ್ಕಾಲಿಕ ಅಡಚಣೆ.
ಕ್ಯಾಂಟೀನಿನ ಟಿವಿಗೆ ದನಿ ಇಲ್ಲ, ಬಣ್ಣ ಮಾತ್ರ.
ನಾನೂರ ಹನ್ನೆರಡು, ಕೆಂಪು,
ಮುನ್ನೂರ ಮೂವತ್ತೆಂಟು, ಕೆಂಪು,
ಬುಧವಾರಕ್ಕೆ ಇನ್ನೂರ ತೊಂಬತ್ತೊಂದು.
ಹನ್ನೊಂದು ಪೈಸೆ ಬರಲಿಲ್ಲ,
ನೂರ ಇಪ್ಪತ್ತೊಂದು ರೂಪಾಯಿ ಎದ್ದು ಹೋಯಿತು.

ನಾನು ಸ್ಟೋರಿಗೆ ಹೋಗಿ ನೋಡಿದೆ.
ಪರದೆ ಆರು ಸಾವಿರ, ಇದ್ದಲ್ಲೇ ಇವೆ.
ಕೀಬೋರ್ಡು ಏಳು ಸಾವಿರದ ಇನ್ನೂರು.
ತಿರುಪು ಎರಡು ಲಕ್ಷದ ಎಂಟು ಸಾವಿರ.
ಇಷ್ಟೆಲ್ಲ ಇರುವ ಮನೆಯನ್ನು
ಮೂರು ದಿನದಲ್ಲಿ ಬಡವ ಮಾಡಿದವರು
ಒಮ್ಮೆ ಬಂದು ಎಣಿಸಬಹುದಿತ್ತು.

ರಾತ್ರಿ ಭಾವನ ಫೋನು.
"ನಿನಗ ಗೊತ್ತಿತ್ತೇನು?"
ಉತ್ತರಕ್ಕೆ ಕಾಯಲಿಲ್ಲ.
"ಮಾರಿದೆ. ಎಳ್ಳು ನೀರು ಬಿಟ್ಟೆ,
ಷೇರಿಗೂ..."
ಆ ಊ-ಕಾರದ ಮುಂದೆ ಏನಿತ್ತೋ, ಕಟ್ಟಾಯಿತು.

ಇಪ್ಪತ್ತಕ್ಕೆ ಡಬ್ಬ ಇಳಿಯಿತು.
ನಲವತ್ತು ರೀಲಿನ ಪೆಟ್ಟಿಗೆಯನ್ನು ವಾಘಮಾರೆ
ಒಂದೇ ಕೈಯಲ್ಲಿ ಎತ್ತಿ ತಂದ.
"ಇಷ್ಟಕ್ಕಾ?" ಅಂದ. ಸಹಿ ಹಾಕಿದೆ.
ಲೈನು ಹೊರಳಿತು. ಬೆಲೆ ಮಾತ್ರ
ಬಿದ್ದ ಮೆಟ್ಟಿಲನ್ನು ಒಂದೊಂದೇ ಹತ್ತುತ್ತಿದೆ,
ಮಂಡಿನೋವಿನ ಮುದುಕಿಯ ಹಾಗೆ.
ಭಾವನ ನಾನೂರು ಈಗ ಬೇರೆ ಯಾರದೋ.

ರಥಸಪ್ತಮಿಯವರೆಗೂ ಎಳ್ಳು ಕೊಡಬಹುದು.
ಮಹಾನಂದಕ್ಕ ಪ್ರತಿವರ್ಷ ತಾನೇ ಬರುತ್ತಿದ್ದಳು.
ಈ ಸಲ ಹಿಂದಿನ ದಿನ, ಬಸ್ಸಿನವನ ಕೈಯಲ್ಲಿ ಒಂದು ಡಬ್ಬಿ,
ತುಂಬ ಕುಸುರೆಳ್ಳು, ಚೀಟಿ ಇಲ್ಲ.
ಬಿಳಿ ಮುಳ್ಳು ಮುಳ್ಳು, ಒಂದೊಂದರ ಹೊಟ್ಟೆಯಲ್ಲೂ
ಒಂದೊಂದು ಕಾಳು.
ಅಭ್ಯಾಸಬಲ, ಎಣಿಸಲು ಕೂತೆ;
ಹೆಂಡತಿ ಕೈಗೆ ಫೋನು ಕೊಟ್ಟಳು.

ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಹಚ್ಚಿದೆ.
"ಹೆಂಗದೀಯೋ?" ಅಂದಳು ಅಕ್ಕ.

ಛಲೋ ಎಂಬ ಮಾತು
ಇದ್ದ ಬಿನ್ನಿನಲ್ಲಿ ಇರಲಿಲ್ಲ.

"ಯಾಕೋ, ಲೈನ್ ಹೋತೇನು?"
"ಇಲ್ಲಕ್ಕಾ.
ಹಲ್ಲಾಗ ಒಂದ್ ಎಳ್ಳು ಸಿಕ್ಕದ."